ಹೆಬ್ಬೆಯಲ್ಲಿ ತೆರೆಯದ ನಮ್ಮ ಪುಟ

ಸಂಘದ ಕೆಮ್ಮಣ್ಣುಗುಂಡಿ ಪ್ರವಾಸದ ಫೋಟೋಗಳನ್ನು ನೀವೆಲ್ಲ ಆಗಲೇ ನೋಡಿದ್ದೀರಿ. ಕಲ್ಲತ್ತಿಗಿರಿಯ ವೀರಭದ್ರ ದೇವಸ್ಥಾನದ ಮುಂದೆ ಒದ್ದೆಯಾಗಿ ನಿಂತಿರೋ ಫೋಟೋ, ಹೆಬ್ಬೆ ಜಲಪಾತದ ಕೆಳಗೆ ಹಲ್ಲು ಕಟಕಟ ಅನ್ನುತ್ತಾ ನಗ್ತಿರೋ ಫೋಟೋ, ಕಾಲಿನ ಇಂಬಳ ಕಿತ್ತುಕೊಳ್ತಿರೋ ಫೋಟೋ. ಆ ದಿನದ ಇಪ್ಪತ್ತು ನಿಮಿಷಕ್ಕೆ ಮಾತ್ರ ಒಂದೂ ಫೋಟೋ ಇಲ್ಲ. ಆ ಇಪ್ಪತ್ತು ನಿಮಿಷದಲ್ಲಿ ನಮ್ಮ ತಪ್ಪು ಏನಿತ್ತು ಅನ್ನೋದನ್ನು ಹೇಳಿಬಿಡೋಣ ಅಂತ ಇದನ್ನು ಬರೀತಿದ್ದೀವಿ. ನಾವು ಅಂದ್ರೆ ಸಂಘದ ವೆಬ್ ಕೆಲಸ ನೋಡಿಕೊಳ್ಳುವ ಮೂವರು. ಮೂವರೂ ಇಂಗ್ಲಿಷ್ ಮೀಡಿಯಂನವರೇ. ನಮ್ಮ ಕಾಗುಣಿತ ತಿದ್ದಿದ ಸಂಪಾದಕರಿಗೆ ಮೊದಲೇ ಥ್ಯಾಂಕ್ಸ್.

ಪ್ರವಾಸಕ್ಕೆ ಅಂತ ನಾವು ಒಂದು ವೆಬ್ ಪುಟ ಮಾಡಿದ್ದೆವು. 40 ಜನರ ಹೆಸರು, ಯಾರು ಯಾವ ರೂಮು, ಮನೆಯವರ ಫೋನ್ ನಂಬರು, ಯಾರಿಗೆ ಯಾವ ಔಷಧಿ ಆಗಲ್ಲ, ಎಲ್ಲ ಅದರಲ್ಲಿ. ನಮಗೆ ತುಂಬಾ ಹೆಮ್ಮೆ ಇದ್ದದ್ದು ಒಂದು ಬಟನ್ ಬಗ್ಗೆ. ಪ್ರತಿಯೊಬ್ಬರ ಹೆಸರಿನ ಮುಂದೆ 'ನಾನು ಬರ್ತಿಲ್ಲ' ಅಂತ ಒಂದು ಬಟನ್. ಒತ್ತಿದ ತಕ್ಷಣ ಹೆಸರು ಬೂದು ಬಣ್ಣಕ್ಕೆ ತಿರುಗಿ ಮೇಲಿರೋ ಲೆಕ್ಕ 40ರಿಂದ 39 ಆಗುತ್ತೆ. ಹಾಸ್ಟೆಲಿನ ವೈಫೈನಲ್ಲಿ ಹತ್ತು ಸಲ ಒತ್ತಿ ನೋಡಿ ಚಪ್ಪಾಳೆ ತಟ್ಟಿಕೊಂಡಿದ್ದೆವು.

ಹೆಬ್ಬೆಗೆ ಹೋಗಿರೋರಿಗೆ ದಾರಿ ಗೊತ್ತು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಘಾಟಿ ಹತ್ತಿ ಕೆಮ್ಮಣ್ಣುಗುಂಡಿ ತನಕ ಬಸ್ಸು. ಮುಂದಕ್ಕೆ ಜೀಪು. ಅದು ರಸ್ತೆಯಲ್ಲ, ಕಲ್ಲುಗಳ ಮೆರವಣಿಗೆ. ಕಾಫಿ ತೋಟದ ಮಧ್ಯೆ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪಕ್ಕದವರನ್ನು ಹಿಡಿದುಕೊಂಡು ಹೋಗಬೇಕು. ಜೀಪು ಇಳಿದ ಮೇಲೆ ಹಳ್ಳ ದಾಟಿ ಕಾಡಿನೊಳಗೆ ನಡಿಗೆ. ಅದು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಅಂತ ಎರಡು ಹಂತದಲ್ಲಿ ನೀರು ಬೀಳುತ್ತೆ, ಒಟ್ಟು 168 ಮೀಟರ್ ಅಂತಾರೆ. ಕೆಳಗೆ ನಿಂತು ಕತ್ತೆತ್ತಿದರೆ ಅಳತೆಯೆಲ್ಲ ಮರೆತುಹೋಗುತ್ತೆ. ಫೋನಿನಲ್ಲಿ ಸಿಗ್ನಲ್ ಕೆಮ್ಮಣ್ಣುಗುಂಡಿಯಲ್ಲೇ ನಮಗೆ ಒಂದು ಕಡ್ಡಿ ಇತ್ತು. ಜೀಪು ಇಳಿಯೋಕೆ ಶುರು ಮಾಡಿದ ಮೇಲೆ ಅದೂ ಇಲ್ಲ.

ವಾಪಸ್ ಜೀಪು ಹತ್ತುವಾಗ ಲೆಕ್ಕ ಮಾಡಿದರೆ 39.

ಮತ್ತೆ ಎಣಿಸಿದೆವು. 39. ನಮ್ಮ ಜೊತೆ ಬಂದಿದ್ದ ಮೇಡಂ ಮುಖ ಬಿಳುಚಿಕೊಂಡಿತು. ಯಾರು ಇಲ್ಲ ಅಂತ ಗೊತ್ತಾಗಬೇಕಾದರೆ ಪಟ್ಟಿ ಬೇಕು. ಪಟ್ಟಿ ಎಲ್ಲಿದೆ? ನಮ್ಮ ಪುಟದಲ್ಲಿ. ಪುಟ ತೆರೆದರೆ ಕ್ರೋಮಿನ ಡೈನೋಸಾರ್. ಬೇರೆ ದಿನ ಆಗಿದ್ದರೆ ಅದನ್ನು ಕುಣಿಸಿ ಆಟ ಆಡ್ತಿದ್ದೆವು. ಮೂವರ ಫೋನಿನಲ್ಲೂ ಅದೇ ಡೈನೋಸಾರ್. ಇಬ್ಬರು ಹುಡುಗರು ಜಲಪಾತದ ಕಡೆ ಓಡಿದರು. ಹಳ್ಳದ ಹತ್ತಿರ ಕೂಗಿದರೆ ನೀರಿನ ಸದ್ದಿಗೆ ಏನೂ ಕೇಳಲ್ಲ. ಒಬ್ಬರು ನೀರಿಗೆ ಬಿದ್ದಿದ್ದಾರಾ ಅನ್ನೋ ಮಾತು ಯಾರ ಬಾಯಲ್ಲೂ ಬರಲಿಲ್ಲ, ಎಲ್ಲರ ಮುಖದಲ್ಲೂ ಇತ್ತು.

ಕೊನೆಗೆ ಲೆಕ್ಕ ಬಿಡಿಸಿದ್ದು ಒಬ್ಬ ಜೀಪ್ ಡ್ರೈವರ್ ಅಣ್ಣ. "ಏನ್ರಪ್ಪಾ, ಹುಡುಕ್ತಿರೋದು ಯಾರನ್ನ? ನೀವು ಹತ್ತುವಾಗಲೇ 39 ಇದ್ರಿ" ಅಂದ್ರು. ಜೇಬಿನಿಂದ ಮಡಚಿದ ಸಣ್ಣ ನೋಟ್‌ಬುಕ್ ತೆಗೆದು ತೋರಿಸಿದರು. ಐದು ಜೀಪು, ಒಂದೊಂದರ ಮುಂದೆ ಜನರ ಲೆಕ್ಕ, ಕೂಡಿದರೆ 39. ಆಮೇಲೆ ರೂಮಿನವರನ್ನು ಸಾಲಾಗಿ ನಿಲ್ಲಿಸಿ ಕೇಳಿದಾಗ ಹೊರಬಿತ್ತು. ನಮ್ಮ ಒಬ್ಬ ಕ್ಲಾಸ್‌ಮೇಟ್ ಘಾಟಿಯ ತಿರುವುಗಳಿಗೆ ವಾಂತಿ ಮಾಡಿಕೊಂಡು ಸುಸ್ತಾಗಿ ರೂಮಿನಲ್ಲೇ ಮಲಗಿದ್ದ. ಅವನ ರೂಮಿನವರು ಬೇರೆ ಬೇರೆ ಜೀಪಿನಲ್ಲಿದ್ದರು. ಒಬ್ಬೊಬ್ಬರೂ ಅವನು ಇನ್ನೊಂದು ಜೀಪಿನಲ್ಲಿದ್ದಾನೆ ಅಂದುಕೊಂಡಿದ್ದರು.

ಅವನ ತಪ್ಪೇನೂ ಇಲ್ಲ. ಅವನು 'ನಾನು ಬರ್ತಿಲ್ಲ' ಬಟನ್ ಒತ್ತಿಯೇ ಮಲಗಿದ್ದ. ಆ ಒಂದು ಕಡ್ಡಿ ಸಿಗ್ನಲ್‌ನಲ್ಲೇ ಅದು ಸರ್ವರ್‌ಗೆ ಹೋಗಿತ್ತು. ರಾತ್ರಿ ಲಾಗ್ ನೋಡಿದರೆ ಬೆಳಗ್ಗೆ 9.52. ನಾವು ಜೀಪು ಹತ್ತೋದಕ್ಕೂ ಮೊದಲು. ಸರ್ವರ್‌ಗೆ ಎಲ್ಲ ಗೊತ್ತಿತ್ತು. ಕಾಡಿನಲ್ಲಿದ್ದ 39 ಜನಕ್ಕೆ ಗೊತ್ತಿರಲಿಲ್ಲ. (ನಾವು ವಾಪಸ್ ಹೋದಾಗ ಅವನು ಚೇತರಿಸಿಕೊಂಡು ನಮ್ಮ ಪಾಲಿನ ಚಿತ್ರಾನ್ನವನ್ನೂ ಮುಗಿಸಿದ್ದ. ಅದನ್ನು ಮಾತ್ರ ಕ್ಷಮಿಸಿಲ್ಲ.)

ಊರಿಗೆ ಬಂದ ಮೇಲೆ ನಾವು ಸರ್ವಿಸ್ ವರ್ಕರ್ ಓದಲು ಕೂತೆವು. ಹೆಸರು ಕೇಳಿದ್ದೆವು, ಯಾವತ್ತೂ ಬರೆದಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೀವಿ. ಸರ್ವಿಸ್ ವರ್ಕರ್ ಅಂದ್ರೆ ಒಂದು ಜಾವಾಸ್ಕ್ರಿಪ್ಟ್ ಫೈಲು. ಪುಟದ ಜೊತೆ ಸೇರಿ ಓಡದೆ ಬ್ರೌಸರಿನೊಳಗೆ ಪ್ರತ್ಯೇಕವಾಗಿ ಇರುತ್ತೆ. ಪುಟ ಏನನ್ನೇ ಕೇಳಿದರೂ, ಚಿತ್ರವೋ ಸ್ಟೈಲ್ ಫೈಲೋ ಪಟ್ಟಿಯೋ, ಆ ಕೋರಿಕೆ ಮೊದಲು ಇದರ ಕೈಗೆ ಬರುತ್ತೆ. ನೆಟ್‌ವರ್ಕಿನಿಂದ ತರಬೇಕಾ, ಮೊದಲೇ ಕ್ಯಾಶ್‌ನಲ್ಲಿ ಇಟ್ಟದ್ದನ್ನು ಕೊಡಬೇಕಾ ಅಂತ ನಾವು ಬರೆದಂತೆ ಅದು ತೀರ್ಮಾನ ಮಾಡುತ್ತೆ. 2015ರಲ್ಲಿ ಕ್ರೋಮಿಗೆ ಬಂತು, ಮರುವರ್ಷ ಫೈರ್‌ಫಾಕ್ಸ್‌ಗೆ, 2018ರಲ್ಲಿ ಐಫೋನಿನ ಸಫಾರಿಗೆ. ಬ್ರೌಸರಿನಲ್ಲಿ ಮಾಮೂಲಿ ಕ್ಯಾಶ್ ಮೊದಲಿನಿಂದಲೂ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅದರಲ್ಲಿ ಏನು ಇರಬೇಕು, ಯಾವಾಗ ಬಿಸಾಡಬೇಕು ಅನ್ನೋದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ನಮ್ಮ ಪುಟದ ಹಾಗೆ ಪ್ರತಿ ಸಲ ಸರ್ವರನ್ನು ಕೇಳಿಯೇ ತೆರೆಯುವ ಪುಟ ಆದರಂತೂ ನೆಟ್‌ವರ್ಕ್ ಹೋದ ಕೂಡಲೇ ಡೈನೋಸಾರೇ ಗತಿ.

ನಮ್ಮಲ್ಲೊಬ್ಬಳ ಅಜ್ಜಿ ಮನೆ ಲಿಂಗದಹಳ್ಳಿ ಹತ್ತಿರ. ಅವಳು ಇದಕ್ಕೆ 'ಅಟ್ಟ' ಅಂತಲೇ ಹೆಸರಿಟ್ಟಳು. ಮಳೆಗಾಲ ಹಿಡಿಯೋಕೆ ಮುಂಚೆ ಮಲೆನಾಡಿನ ಮನೆಯಲ್ಲಿ ಸೌದೆ, ಅಕ್ಕಿ, ಹಪ್ಪಳ, ಉಪ್ಪಿನಕಾಯಿ ಕೂಡಿಡ್ತಾರೆ. ಮಳೆ ಬರೋದು ಅಲ್ಲಿ ಯಾರಿಗೂ ಆಶ್ಚರ್ಯ ಅಲ್ಲ. ಮಳೆ ಬಂದಾಗ ಅಂಗಡಿಗೆ ಓಡೋದಿಲ್ಲ, ಅಟ್ಟಕ್ಕೆ ಏಣಿ ಹಾಕ್ತಾರೆ. ನಮ್ಮಂಥವರು ಪುಟ ಕಟ್ಟುವಾಗ ನೆಟ್‌ವರ್ಕ್ ಹೋಗೋದನ್ನು ಒಂದು ಅಪಘಾತ ಅಂತ ಎಣಿಸ್ತೀವಿ, ಅದಕ್ಕೆ ಕೆಂಪು ಅಕ್ಷರದಲ್ಲಿ 'ಎರರ್' ಅಂತ ಬರೀತೀವಿ. ಹೆಬ್ಬೆಯಲ್ಲಿ ನೆಟ್‌ವರ್ಕ್ ಇಲ್ಲದಿರೋದು ಎರರ್ ಅಲ್ಲ. ಅದು ಆ ಜಾಗ ಇರೋ ರೀತಿ.

ನಮ್ಮ ಮೊದಲ ಪ್ರಯತ್ನ ಮೂರು ದಿನ ಕೆಲಸ ಮಾಡಲಿಲ್ಲ. ಎರಡು ತಪ್ಪು ಮಾಡಿದ್ದೆವು. ನೀವೂ ಮಾಡೇ ಮಾಡ್ತೀರಿ, ಅದಕ್ಕೆ ಹೇಳ್ತಿದ್ದೀವಿ. ಒಂದು, ಸರ್ವಿಸ್ ವರ್ಕರ್ ಫೈಲನ್ನು ಬೇರೆ ಸ್ಕ್ರಿಪ್ಟ್‌ಗಳ ಜೊತೆ ಒಳಗಿನ ಫೋಲ್ಡರಿನಲ್ಲಿ ಇಟ್ಟಿದ್ದೆವು. ಅದು ತಾನಿರುವ ಫೋಲ್ಡರ್ ಮತ್ತು ಅದರ ಕೆಳಗಿನದ್ದನ್ನು ಮಾತ್ರ ಕಾಯುತ್ತೆ. ಮನೆ ಕಾಯೋ ನಾಯಿಯನ್ನು ಕೋಣೆಯೊಳಗೆ ಕಟ್ಟಿದ ಹಾಗೆ. ಅದನ್ನು ಸೈಟಿನ ಮೊದಲ ಫೋಲ್ಡರಿಗೇ ತರಬೇಕಿತ್ತು. ಎರಡು, ಇನ್‌ಸ್ಟಾಲ್ ಆಗುವಾಗ ಅಟ್ಟಕ್ಕೆ ಏರಿಸಬೇಕಾದ ಫೈಲುಗಳ ಸಾಲಿನಲ್ಲಿ ಒಂದು ಚಿತ್ರದ ಹೆಸರು ತಪ್ಪಾಗಿತ್ತು. 'ಆಡ್‌ಆಲ್' ಅನ್ನೋ ಆ ಕಮಾಂಡು ಬಹಳ ಹಟಮಾರಿ. ಒಂದು ಫೈಲು ಸಿಗದಿದ್ದರೂ ಯಾವುದನ್ನೂ ಇಟ್ಟುಕೊಳ್ಳಲ್ಲ, ಇನ್‌ಸ್ಟಾಲೇ ಬಿದ್ದುಹೋಗುತ್ತೆ. ಪುಟದ ಮೇಲೆ ಏನೂ ಕಾಣಿಸಲ್ಲ. ಎಲ್ಲ ಸರಿ ಇದೆ ಅನ್ನಿಸುತ್ತೆ.

ಇದಾದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಪುಟ ತೆರೆದರೆ, ಬಂತು! ಕ್ಯಾಂಟೀನಿನಲ್ಲಿ ಕೂಗಿಬಿಟ್ಟೆವು. 40 ಹೆಸರೂ ಕಾಣ್ತಿವೆ.

ಆಮೇಲೆ ನಮ್ಮಲ್ಲೊಬ್ಬ ಸುಮ್ಮನೆ ಕೇಳಿದ: "ಅವತ್ತು ಹೆಬ್ಬೆಯಲ್ಲಿ ಇದೇ ಪುಟ ತೆರೆದಿದ್ದರೆ ಎಷ್ಟು ತೋರಿಸ್ತಿತ್ತು?"

40. ನಾವು ಪುಟವನ್ನು ಕೊನೆಯದಾಗಿ ನೋಡಿದ್ದು ಹಿಂದಿನ ರಾತ್ರಿ. ಬೆಳಗ್ಗೆ 9.52ರ ಬಟನ್ ನಮ್ಮ ಯಾರ ಫೋನಿಗೂ ಬಂದಿರಲಿಲ್ಲ. ಅಟ್ಟದಲ್ಲಿ ಇದ್ದದ್ದು ರಾತ್ರಿಯ ಪಟ್ಟಿ. ಡೈನೋಸಾರ್ ಕಂಡಾಗ ನಮಗೆ ಗೊತ್ತಿಲ್ಲ ಅನ್ನೋದಾದರೂ ಗೊತ್ತಿತ್ತು. ಹಳೇ ಪಟ್ಟಿ ಸಿಕ್ಕಿದ್ದರೆ ಅದರಲ್ಲಿ ಒಬ್ಬನ ಹೆಸರು ಹಿಡಿದುಕೊಂಡು, ಇವನು ಇಲ್ಲೇ ಎಲ್ಲೋ ಕಳೆದುಹೋಗಿದ್ದಾನೆ ಅಂತ ಖಾತ್ರಿಯಾಗಿ ನಂಬಿ, ಹಳ್ಳಕ್ಕೆ ಇಳಿದು ಹುಡುಕ್ತಿದ್ದೆವು. ಅಪಾಯ ಇನ್ನೂ ಜಾಸ್ತಿ ಆಗ್ತಿತ್ತು.

ಇದನ್ನು ಯೂಟ್ಯೂಬ್ ಪಾಠಗಳು ಹೇಳಲ್ಲ, ಅಥವಾ ನಾವು ನೋಡಿದವು ಹೇಳಲಿಲ್ಲ. 'ಆಫ್‌ಲೈನ್‌ನಲ್ಲೂ ತೆರೆಯುತ್ತೆ' ಅನ್ನುವಲ್ಲಿಗೆ ವಿಡಿಯೋ ಮುಗಿಯುತ್ತೆ. ನಮ್ಮ ಅಭಿಪ್ರಾಯ ಇಷ್ಟು: ಕ್ಯಾಶ್‌ನಿಂದ ಕೊಡುವ ಪುಟ ತಾನು ಯಾವಾಗಿನದು ಅಂತ ಹೇಳಲೇಬೇಕು. ಹೇಳದಿದ್ದರೆ ಅದು ತೆರೆಯದೇ ಇರೋದೇ ವಾಸಿ.

ಹಪ್ಪಳ ಅಟ್ಟದಲ್ಲಿ ಇಡಬಹುದು, ಹಾಲು ಇಡೋಕಾಗಲ್ಲ. ಪುಟದ ಸ್ಟೈಲು, ಸ್ಕ್ರಿಪ್ಟು, ಸಂಘದ ಲೋಗೋ, ಫಾಂಟು, ಇವೆಲ್ಲ ಹಪ್ಪಳ. ಮೊದಲು ಅಟ್ಟದಿಂದಲೇ ಕೊಡಬಹುದು, ಪುಟ ಚಕ್ಕನೆ ತೆರೆಯುತ್ತೆ. ಪಟ್ಟಿ ಹಾಲು. ಅದನ್ನು ಮೊದಲು ನೆಟ್‌ವರ್ಕಿನಿಂದ ಕೇಳಬೇಕು, ಸಿಗದಿದ್ದರೆ ಮಾತ್ರ ಹಳೆಯದು. ಇಲ್ಲೂ ಒಂದು ಹೊಂಡ ಇದೆ. ಸಿಗ್ನಲ್ ಪೂರ್ತಿ ಇಲ್ಲದ ಜಾಗಕ್ಕಿಂತ ಕೆಮ್ಮಣ್ಣುಗುಂಡಿಯ ಒಂದು ಕಡ್ಡಿ ಜಾಗ ಕಷ್ಟ. ಬ್ರೌಸರ್ ಸಿಗ್ನಲ್ ಇದೆ ಅಂದುಕೊಂಡು ಕಾಯ್ತಾ ಕೂರುತ್ತೆ. ಬಿಳಿ ಪರದೆ, ಸುತ್ತುವ ಚಕ್ರ. ಅದಕ್ಕೆ ನಾವು ಮೂರು ಸೆಕೆಂಡ್ ಗಡುವು ಇಟ್ಟೆವು. ಅಷ್ಟರಲ್ಲಿ ಬರದಿದ್ದರೆ ಹಳೇ ಪಟ್ಟಿ ತೋರಿಸು, ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ 'ಇದು ನಿನ್ನೆ ರಾತ್ರಿ 10.15ರ ಪಟ್ಟಿ. ಆಮೇಲೆ ಬದಲಾಗಿರಬಹುದು' ಅಂತ ಹಾಕು. ಸಮಯ ಎಲ್ಲಿಂದ ಬರುತ್ತೆ ಅಂದ್ರೆ, ಸರ್ವರ್ ಪಟ್ಟಿ ಕಳಿಸುವಾಗಲೇ ಅದರೊಳಗೆ ಸಮಯವನ್ನೂ ಬರೆದು ಕಳಿಸುತ್ತೆ. ಎರಡು ಸಾಲಿನ ಕೆಲಸ.

ಬಟನ್ನಿಗೂ ಇದೇ ನಿಯಮ. ಸಿಗ್ನಲ್ ಇಲ್ಲದಾಗ ಒತ್ತಿದರೆ ಅದು ಫೋನಿನಲ್ಲೇ ಉಳಿದು, ನೆಟ್‌ವರ್ಕ್ ಬಂದಾಗ ಹೋಗೋ ಹಾಗೆ ಮಾಡಬಹುದು. ತಾನಾಗಿ ಹಿಂದಿನಿಂದ ಕಳಿಸುವ ಸೌಲಭ್ಯ ಕ್ರೋಮಿನಲ್ಲಿದೆ, ಸಫಾರಿಯಲ್ಲಿಲ್ಲ. ಅಲ್ಲಿ ಪುಟ ಮತ್ತೆ ತೆರೆದಾಗ ಕಳಿಸಬೇಕು. ಹೇಗೇ ಕಳಿಸಿದರೂ, ಕಳಿಸುವ ತನಕ 'ಸೇವ್ ಆಯ್ತು' ಅಂತ ಹಸಿರು ಟಿಕ್ ತೋರಿಸಬಾರದು. 'ನಿಮ್ಮ ಫೋನಿನಲ್ಲಿದೆ, ಇನ್ನೂ ಕಳಿಸಿಲ್ಲ' ಅಂತ ಬರೀಬೇಕು. ಆ ಬೆಳಗ್ಗೆ ಸಿಗ್ನಲ್ ಕೈಕೊಟ್ಟಿದ್ದು ನಾವು ಸುಳ್ಳು ಟಿಕ್ ತೋರಿಸಿದ್ದರೆ ಅವನು ಸುಮ್ಮನೆ ಮಲಗ್ತಿದ್ದ, ಸರ್ವರ್‌ಗೂ ಗೊತ್ತಾಗ್ತಿರಲಿಲ್ಲ.

ಇಷ್ಟೆಲ್ಲ ಯಾಕೆ, ವಾಟ್ಸಾಪ್ ಗ್ರೂಪಿಗೆ ಒಂದು ಪಿಡಿಎಫ್ ಹಾಕಿದ್ದರೆ ಆಗ್ತಿರಲಿಲ್ವಾ ಅಂತ ಸಂಘದ ಮೀಟಿಂಗಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಪಿಡಿಎಫ್ ಕಾಡಿನಲ್ಲೂ ತೆರೆಯುತ್ತೆ, ನಿಜ. ಆದರೆ ನಮ್ಮ ಗ್ರೂಪಿನಲ್ಲಿ ಆಗಲೇ 'ಫೈನಲ್', 'ಫೈನಲ್ 2', 'ರಿಯಲ್ ಫೈನಲ್' ಅಂತ ಮೂರು ಪಿಡಿಎಫ್ ಇದ್ದವು. ಯಾರ ಹತ್ತಿರ ಯಾವುದಿದೆ ಗೊತ್ತಿಲ್ಲ. ಒಂದರ ಮೇಲೂ ದಿನಾಂಕ ಇರಲಿಲ್ಲ. ಅದೂ ವಯಸ್ಸು ಹೇಳದ ಕ್ಯಾಶೇ ಅಲ್ವಾ?

ಇನ್ನೊಬ್ಬರು ಆ್ಯಪ್ ಮಾಡಿ ಅಂದರು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೇ ಕಥೆ ಇದೆ. 2015ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ವೆಬ್‌ಸೈಟನ್ನು ಮುಚ್ಚಿ ಎಲ್ಲರೂ ಆ್ಯಪ್ ಹಾಕಿಕೊಳ್ಳಿ ಅಂದಿತ್ತು. ಅವರದೇ ಮಿಂತ್ರಾ ಆ ಮೇ ತಿಂಗಳಲ್ಲಿ ಪೂರ್ತಿ ಆ್ಯಪ್ ಮಾತ್ರ ಆಯಿತು. ಅದೇ ವರ್ಷ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಮತ್ತೆ ಬ್ರೌಸರಿಗೇ ಬಂತು, ಕ್ರೋಮ್ ತಂಡದ ಜೊತೆ ಸೇರಿ ಮಾಡಿದ 'ಫ್ಲಿಪ್‌ಕಾರ್ಟ್ ಲೈಟ್' ಹಿಡಿದುಕೊಂಡು. ಸರ್ವಿಸ್ ವರ್ಕರನ್ನು ಅಷ್ಟು ದೊಡ್ಡ ಮಟ್ಟದಲ್ಲಿ ಬಳಸಿದ ಮೊದಮೊದಲ ಸೈಟುಗಳಲ್ಲಿ ಅದೂ ಒಂದು. ಕಾರಣ ಸರಳ. ಆಗ ತುಂಬಾ ಜನ 2ಜಿಯಲ್ಲಿದ್ದರು, ಫೋನಿನಲ್ಲಿ ಜಾಗ ಇರಲಿಲ್ಲ, ದೊಡ್ಡ ಆ್ಯಪ್ ಇಳಿಸಿಕೊಳ್ಳೋದು ಅವರಿಗೆ ಖರ್ಚು. ಮಿಂತ್ರಾ ಕೂಡ 2016ರಲ್ಲಿ ವೆಬ್‌ಗೆ ವಾಪಸಾಯಿತು. ಸಾವಿರಾರು ಎಂಜಿನಿಯರ್‌ಗಳಿರೋ ಕಂಪನಿಯೇ ಹೀಗೆ ತಿರುಗಿ ಬಂದ ದಾರಿಯಲ್ಲಿ, ಎರಡು ದಿನದ ಪ್ರವಾಸಕ್ಕೆ 40 ಜನರ ಕೈಯಲ್ಲಿ ಆ್ಯಪ್ ಹಾಕಿಸೋ ಸಾಹಸ ನಮಗೆ ಬೇಡ.

ಟವರ್ ಬಂದ ಮೇಲೆ ಈ ಸಮಸ್ಯೆಯೇ ಇರಲ್ಲ ಅನ್ನೋ ವಾದವೂ ಇದೆ. ಊರುಗಳಿಗೆ ಟವರ್ ಬರಲಿ, ಬರಲೇಬೇಕು. ನಮ್ಮ ಕಾಲೇಜಿನಲ್ಲೇ ಕಳಸ, ಕೊಪ್ಪದ ಕಡೆಯವರಿದ್ದಾರೆ, ರಜೆಗೆ ಮನೆಗೆ ಹೋದರೆ ಅಸೈನ್‌ಮೆಂಟ್ ಕಳಿಸೋಕೆ ಗುಡ್ಡ ಹತ್ತೋರು. ಆದರೆ ಹುಲಿ ಕಾಡಿನ ಜಲಪಾತದ ಬುಡಕ್ಕೂ ಟವರ್ ಹಾಕಿ ಅಂತ ನಾವಂತೂ ಕೇಳಲ್ಲ. ಟವರ್ ಇರೋ ಕಡೆಯೂ ಬೀರೂರು ದಾಟುವಾಗ ರೈಲಿನಲ್ಲಿ, ನಮ್ಮದೇ ಕಾಲೇಜಿನ ಬೇಸ್‌ಮೆಂಟ್ ಲ್ಯಾಬಿನಲ್ಲಿ ಚಕ್ರ ಸುತ್ತೋದು ಎಲ್ಲರೂ ನೋಡಿದ್ದೀವಿ.

ಒಂದು ವಿಷಯ ನಮಗೆ ತಡವಾಗಿ ಹೊಳೆಯಿತು. ಪಟ್ಟಿಯಲ್ಲಿ ಅಮ್ಮಂದಿರ ಫೋನ್ ನಂಬರಿದೆ, ಯಾರಿಗೆ ಯಾವ ಕಾಯಿಲೆ ಅಂತಿದೆ. ಅದನ್ನು 40 ಫೋನಿನ ಅಟ್ಟದಲ್ಲಿ ಇಟ್ಟು ಮರೆತುಬಿಟ್ಟರೆ? ಈಗ ಪ್ರವಾಸ ಮುಗಿದ ಎರಡು ದಿನಕ್ಕೆ ಪುಟ ತೆರೆದಾಗ ಆ ಪಟ್ಟಿಯನ್ನು ಅಳಿಸೋ ಹಾಗೆ ಬರೆದಿದ್ದೀವಿ. ಔಷಧಿಯ ವಿವರ ಎಲ್ಲರ ಫೋನಿಗೂ ಹೋಗದೆ ಜೊತೆಗೆ ಬರುವ ಮೇಡಂ, ಸರ್ ಇಬ್ಬರಿಗೆ ಮಾತ್ರ ಹೋಗುತ್ತೆ. ಮೊದಲ ಪುಟದಲ್ಲಿ ಎಲ್ಲರಿಗೂ ಕಾಣ್ತಿತ್ತು ಅನ್ನೋದಕ್ಕೆ ನಮಗೆ ಈಗಲೂ ನಾಚಿಕೆ.

ನಮ್ಮ ಒಂದು ಬೇಡಿಕೆ ಇದೆ. ಈ ಸಲದ ಮಿನಿ ಪ್ರಾಜೆಕ್ಟಿನಲ್ಲಿ ಅರ್ಧಕ್ಕರ್ಧ ತಂಡಗಳು ವೆಬ್ ಅಪ್ಲಿಕೇಶನ್ ಮಾಡ್ತಿವೆ. ರೈತರಿಗೆ, ಆಸ್ಪತ್ರೆಗೆ, ಹಳ್ಳಿ ಶಾಲೆಗೆ ಅಂತ ಮೊದಲ ಸ್ಲೈಡಿನಲ್ಲಿ ಬರೀತಾರೆ. ಡೆಮೊ ಮಾತ್ರ ಲ್ಯಾಬಿನ ಫುಲ್ ಸ್ಪೀಡ್ ನೆಟ್‌ನಲ್ಲಿ. ವೈವಾದಲ್ಲಿ ನಮ್ಮ ಸರ್‌ಗಳು ಒಂದು ಸಲ, ಡೆಮೊ ಮಧ್ಯದಲ್ಲಿ, "ವೈಫೈ ಆಫ್ ಮಾಡಮ್ಮಾ" ಅನ್ನಲಿ. ಮಾರ್ಕ್ಸ್ ಕಡಿಮೆ ಮಾಡಬೇಕಿಲ್ಲ. ಆಮೇಲೆ ಪರದೆ ಮೇಲೆ ಏನು ಉಳಿಯುತ್ತೆ ಅಂತ ಎಲ್ಲರೂ ನೋಡಿದರೆ ಸಾಕು. ಇದಕ್ಕೆ ನಮ್ಮ ಕ್ಲಾಸಿನವರೇ ನಮ್ಮನ್ನು ಬೈತಾರೆ, ಗೊತ್ತು.

ಈ ಸಂಚಿಕೆಯಿಂದ ನಮ್ಮ ಪತ್ರಿಕೆಗೂ ಸರ್ವಿಸ್ ವರ್ಕರ್ ಹಾಕಿದ್ದೀವಿ. ರಜೆಗೆ ಊರಿಗೆ ಹೊರಡೋ ಮುಂಚೆ ಹಾಸ್ಟೆಲ್ ವೈಫೈನಲ್ಲಿ ಎರಡು ಸಲ ತೆರೆಯಿರಿ. ಎರಡು ಸಲ ಯಾಕೆ ಅಂದ್ರೆ, ಮೊದಲ ಸಲ ಅದು ಇನ್‌ಸ್ಟಾಲ್ ಆಗುವಾಗ ಪುಟ ಆಗಲೇ ಅದನ್ನು ದಾಟಿ ಬಂದಿರುತ್ತೆ, ಲೇಖನಗಳು ಅಟ್ಟ ಹತ್ತೋದು ಎರಡನೇ ಸಲ. ಐಫೋನಿನವರು ಹೋಮ್ ಸ್ಕ್ರೀನಿಗೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ನೀವು ಸಫಾರಿ ಬಳಸಿಯೂ ಏಳು ದಿನ ನಮ್ಮ ಪತ್ರಿಕೆ ಕಡೆ ಬರದಿದ್ದರೆ ಅದು ಎಲ್ಲವನ್ನೂ ಅಳಿಸಿಬಿಡುತ್ತೆ. ಕನ್ನಡ ಫಾಂಟ್ ಇನ್ನೂ ತೊಂದರೆ ಕೊಡ್ತಿದೆ. ಬೇರೆ ಸೈಟಿನಿಂದ ತರಿಸ್ತಿದ್ದೆವು, ಹೇಗೂ ಬೇರೆ ಕನ್ನಡ ಸೈಟು ನೋಡಿದಾಗ ಅದೇ ಫಾಂಟ್ ಬಂದು ಕೂತಿರುತ್ತೆ ಅಂತ. 2020ರಿಂದ ಕ್ರೋಮ್ ಒಂದು ಸೈಟಿಗೆ ತಂದದ್ದನ್ನು ಇನ್ನೊಂದಕ್ಕೆ ಕೊಡಲ್ಲ ಅಂತ ಈಗ ತಿಳೀತು. ಹಾಗಾಗಿ ಫಾಂಟ್ ಫೈಲನ್ನು ನಮ್ಮಲ್ಲೇ ಇಟ್ಟಿದ್ದೀವಿ. ಒತ್ತಕ್ಷರಗಳನ್ನು ಕಳೆದುಕೊಳ್ಳದೆ ಅದರ ಗಾತ್ರ ಇಳಿಸೋದು ನಮಗೆ ಇನ್ನೂ ಬಂದಿಲ್ಲ. ಒಂದು ಸಲ ಇಳಿಸಿದಾಗ 'ಹೆಬ್ಬೆ'ಯ ಬ ಒತ್ತು ಪಕ್ಕಕ್ಕೆ ಜಾರಿ ಕೂತಿತ್ತು. ಗೊತ್ತಿರೋ ಸೀನಿಯರ್‌ಗಳು ಸಂಜೆ ಐದಕ್ಕೆ ಸಂಘದ ರೂಮಿಗೆ ಬಂದರೆ ಕಾಫಿ ನಮ್ಮದು.

ಮುಂದಿನ ಪ್ರವಾಸಕ್ಕೆ ಒಂದು 40 ಪುಟದ ನೋಟ್‌ಬುಕ್ಕನ್ನೂ ತಗೊಂಡಿದ್ದೀವಿ. ಜೀಪು ಹತ್ತುವಾಗ ಬರೆಯೋಕೆ, ಸಮಯದ ಸಮೇತ.